ಎಲ್ಲ ಮಕ್ಕಳಿಗೂ ಜಾಗವಿರುವ ಕಪಾಟು: ಯಾವ ಪುಸ್ತಕ ಕೊಳ್ಳಬೇಕು, ಯಾವುದಕ್ಕೆ ಜೊತೆ ಬೇಕು

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯೊಂದಕ್ಕೆ ಗ್ರಂಥಾಲಯದ ಬಾಬ್ತು ವರ್ಷಕ್ಕೆ ನಿಗದಿಯಾಗಿರುವ ಅನುದಾನ, ಶಾಲೆಯ ಹಂತಕ್ಕೆ ತಕ್ಕಂತೆ, 5,000 ರೂಪಾಯಿಯಿಂದ 20,000 ರೂಪಾಯಿಯವರೆಗೆ ಇದೆ. ಕೆಳಗಿನ ಹಂತದ ಶಾಲೆಯ ಪಾಲಿಗೆ ಬರುವುದು ಐದು ಸಾವಿರ. ಲಂಬಾಣಿ ತಾಂಡಾದಿಂದ ನಡೆದು ಬರುವ ಹುಡುಗಿ, ಕೇರಿಯ ಹುಡುಗ, ಮನೆಯಲ್ಲಿ ದಖ್ಖನಿ ಉರ್ದು ಆಡುವ ಮಗು, ಪೋಷಕರು ಎತ್ತಿಕೊಂಡು ಬಂದು ಕೂರಿಸಿ ಹೋಗುವ ವಿಕಲಚೇತನ ಮಗು, ಊರಿನ ದೊಡ್ಡ ಜಮೀನುದಾರರ ಮಗ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವ ಶಾಲೆಗೆ ಆ ಹಣದಲ್ಲಿ ಯಾವ ಪುಸ್ತಕ ತರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಶಿಕ್ಷಕರನ್ನೂ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳ ಮೇಲ್ವಿಚಾರಕರನ್ನೂ ಮನೆಯಲ್ಲಿ ಮಕ್ಕಳಿಗೆ ಪುಸ್ತಕ ಕೊಡಿಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಕನ್ನಡದ ಓದುಗರಿಗೆ ಎಟುಕುವ ಬಗೆಬಗೆಯ ಪುಸ್ತಕಗಳನ್ನು ಇಲ್ಲಿ ಹೋಲಿಸಿದ್ದೇನೆ.

ಹೋಲಿಸಲು ಒಂದು ಅಳತೆ ಬೇಕು. ಅಮೆರಿಕದಲ್ಲಿ 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಅವರು ಮೂರು ವರ್ಷಗಳಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳನ್ನು ಎಣಿಸಿ, ಅವುಗಳಲ್ಲಿ ಕೇವಲ 349ರಲ್ಲಿ, ಅಂದರೆ ಶೇ. 6.7ರಷ್ಟರಲ್ಲಿ, ಕಪ್ಪು ಜನರು ಕಾಣಿಸುತ್ತಾರೆ ಎಂದು ತೋರಿಸಿದರು. ಮಕ್ಕಳಿಗೆ ಪುಸ್ತಕವು ತಮ್ಮ ಮುಖ ಕಾಣುವ ಕನ್ನಡಿಯೂ ಆಗಬೇಕು, ಪರರ ಬದುಕು ಕಾಣುವ ಕಿಟಕಿಯೂ ಆಗಬೇಕು ಎಂದು 1990ರಲ್ಲಿ ಅಲ್ಲಿನದೇ ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ ಬರೆದರು. ಈ ಎರಡೂ ಮಾತು ನಮಗೂ ಒಪ್ಪುತ್ತವೆ. ಅಲ್ಲಿ ಬಣ್ಣ ಮಾಡುವ ಕೆಲಸವನ್ನು ಇಲ್ಲಿ ಮುಖ್ಯವಾಗಿ ಜಾತಿ ಮಾಡುತ್ತದೆ, ಅಷ್ಟೆ. ಆದರೆ ಎಣಿಕೆಯಿಂದ ತಿಳಿಯುವುದು ಯಾರು ಇಲ್ಲ ಎಂಬುದು ಮಾತ್ರ. ಇದ್ದವರು ಏನಾಗಿ ಇದ್ದಾರೆ ಎಂಬುದನ್ನು ಪುಟ ತೆರೆದೇ ನೋಡಬೇಕು. ಆದ್ದರಿಂದ ನಾನು ಪ್ರತಿ ಪುಸ್ತಕಕ್ಕೂ ಕೇಳುವ ಪ್ರಶ್ನೆ ಒಂದೇ: ಅಂಚಿನಿಂದ ಬಂದ ಆ ಮಗು ಕಥೆಯಲ್ಲಿ ತಾನಾಗಿ ಏನನ್ನಾದರೂ ತೀರ್ಮಾನಿಸುತ್ತದೆಯೇ, ಅಥವಾ ಬೇರೆ ಮಕ್ಕಳು ಕರುಣೆ ಕಲಿಯಲಿ ಎಂದು ಅದನ್ನು ತಂದು ನಿಲ್ಲಿಸಲಾಗಿದೆಯೇ?

ಮಹಾಪುರುಷರ ಕಥೆಗಳು

ಸಾಮಾನ್ಯವಾಗಿ ಶಾಲೆಯ ಕಪಾಟಿನಲ್ಲಿ ಮೊದಲೇ ಇರುವುದು ಪುರಾಣದ ಚಿತ್ರಕಥೆಗಳು ಮತ್ತು ಜೀವನಚರಿತ್ರೆಯ ಕಿರುಹೊತ್ತಗೆಗಳು. ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆ ಮಾಲಿಕೆ ತಲೆಮಾರುಗಳಿಗೆ ಓದಿನ ರುಚಿ ಹತ್ತಿಸಿದೆ ಎಂಬುದರಲ್ಲಿ ಅನುಮಾನವಿಲ್ಲ. ರಾಕ್ಷಸರಿಗೆ ಕಪ್ಪು ಮೈ, ನಾಯಕಿಯರಿಗೆ ಬಿಳಿ ಮೈ ಎಂಬ ಅದರ ಬಣ್ಣದ ಲೆಕ್ಕಾಚಾರವನ್ನು ಅನೇಕ ವಿಮರ್ಶಕರು ಎತ್ತಿ ಹೇಳಿರುವುದೂ ಅಷ್ಟೇ ನಿಜ. ಆ ಮಾಲಿಕೆಯಲ್ಲಿ ಅಂಬೇಡ್ಕರ್ ಅವರ ಸಂಚಿಕೆ ಬಂದದ್ದು 1979ರಲ್ಲಿ, ಮಾಲಿಕೆ ಶುರುವಾಗಿ ಹನ್ನೆರಡು ವರ್ಷಗಳ ಮೇಲೆ. ಇಂಥ ಪುಸ್ತಕಗಳನ್ನು ತೆಗೆದುಹಾಕಬೇಕೆಂದು ನಾನು ಹೇಳುವುದಿಲ್ಲ. ಮಕ್ಕಳು ಮೊದಲು ಕೈಹಾಕುವುದು ಅವುಗಳಿಗೇ, ಅವು ಖಾಲಿಯಾದ ಕಪಾಟಿಗೆ ಮಕ್ಕಳೂ ಬರುವುದಿಲ್ಲ. ಆದರೆ ಹೊಸ ಹಣವನ್ನು ಮತ್ತೆ ಅಲ್ಲಿಗೇ ಸುರಿಯುವ ಅಗತ್ಯವಿಲ್ಲ.

ಜೀವನಚರಿತ್ರೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಒಂದೊಂದು ಸಮುದಾಯಕ್ಕೆ ಒಬ್ಬೊಬ್ಬ ಮಹನೀಯರನ್ನು ಆರಿಸಿ, ಸಾಲಾಗಿ ಇಟ್ಟರೆ ವೈವಿಧ್ಯದ ಕೆಲಸ ಮುಗಿಯಿತೆಂಬ ಭಾವನೆ ಬರುತ್ತದೆ. ಆಗ ದಲಿತ ಮಗುವಿಗೆ ಪುಸ್ತಕದೊಳಗೆ ಪ್ರವೇಶ ಸಿಗುವುದು ಅದು ಮುಂದೆ ಸಂವಿಧಾನ ಬರೆಯುವುದಾದರೆ ಮಾತ್ರ ಎಂದಾಗುತ್ತದೆ. ಶ್ರೀಮಂತ ಮನೆಯ ಹುಡುಗನಿಗಾದರೋ ನಾಯಿಮರಿ ಕಳೆದುಕೊಂಡರೂ ಸಾಕು, ಕಥೆಯಾಗುತ್ತದೆ.

ಹಾಗಿದ್ದರೂ ಅಂಬೇಡ್ಕರರ ಬಾಲ್ಯವನ್ನು ಹೇಳುವ ಪುಸ್ತಕ ಕಪಾಟಿನಲ್ಲಿ ಇರಲೇಬೇಕು. ಯಾವುದು ಎಂದು ಆರಿಸಲು ಒಂದು ಸುಲಭದ ಪರೀಕ್ಷೆ ಇದೆ. 1901ರ ಕೋರೆಗಾಂವ್ ಪ್ರಯಾಣದ ಪುಟವನ್ನು ತೆರೆದು ನೋಡಿ. ಅಂಬೇಡ್ಕರರು ತಾವೇ ಬರೆದಿಟ್ಟಂತೆ, ತಂದೆಯನ್ನು ಕಾಣಲು ಹೊರಟ ಮಕ್ಕಳು ಹೊಸ ಅಂಗಿ, ಹೊಳೆಯುವ ಅಲಂಕಾರದ ಟೋಪಿ, ಹೊಸ ಬೂಟು ತೊಟ್ಟು ಮಸೂರ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಕಾಗದ ತಲುಪದೆ ತಂದೆಯ ಕಡೆಯಿಂದ ಕರೆದೊಯ್ಯಲು ಯಾರೂ ಬಂದಿರುವುದಿಲ್ಲ. ಅಲ್ಲಿಯವರೆಗೆ ನಯವಾಗಿ ಮಾತಾಡಿಸುತ್ತಿದ್ದ ಸ್ಟೇಷನ್ ಮಾಸ್ತರರ ಮುಖ, ಮಕ್ಕಳು ಅಸ್ಪೃಶ್ಯರೆಂದು ಕಾಣಲಾಗುತ್ತಿದ್ದ ಮಹಾರ್ ಜಾತಿಯವರೆಂದು ತಿಳಿದೊಡನೆ ಬದಲಾಗುತ್ತದೆ. ಕೊನೆಗೆ ಗಾಡಿಯವನೊಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪುತ್ತಾನೆ. ಆದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎನ್ನುತ್ತಾನೆ. ಬುತ್ತಿ ತುಂಬ ಊಟವಿದ್ದರೂ ನೀರು ಕೊಡುವವರಿಲ್ಲದೆ ಮಕ್ಕಳು ಹಸಿದೇ ಮಲಗುತ್ತಾರೆ. ಕೆಲವು ಪುಸ್ತಕಗಳು ಇದನ್ನೆಲ್ಲ "ಬಾಲ್ಯದಲ್ಲಿ ಅನೇಕ ಅವಮಾನಗಳನ್ನು ಸಹಿಸಿದರು" ಎಂಬ ಒಂದೇ ವಾಕ್ಯದಲ್ಲಿ ದಾಟಿಸಿ ಮುಂದಿನ ಪದವಿಗೆ ಹಾರುತ್ತವೆ. ಅವುಗಳನ್ನು ಬಿಡಿ. ಹೊಸ ಟೋಪಿಯನ್ನೂ ತೆರೆಯದ ಬುತ್ತಿಯನ್ನೂ ಚಿತ್ರದಲ್ಲಿ ಕಾಣಿಸುವ ಪುಸ್ತಕವನ್ನು ಕೊಳ್ಳಿ, ಏಕೆಂದರೆ ಹತ್ತು ವರ್ಷದ ಓದುಗನಿಗೆ ಅನ್ಯಾಯ ಅರ್ಥವಾಗುವುದು ಆ ಬುತ್ತಿಯ ಮೂಲಕ. ಪರಧಾನ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರ ಬರೆದು, ನವಯಾನ 2011ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ‘ಭೀಮಾಯಣ’ ಈ ಮಾತಿಗೆ ಒಳ್ಳೆಯ ನಿದರ್ಶನ. ಭಾಷೆ ತೊಡಕಾದರೂ ಅದರ ಚಿತ್ರಗಳನ್ನು ಹೈಸ್ಕೂಲಿನ ಮಕ್ಕಳ ಮುಂದೆ ಬಿಡಿಸಿಟ್ಟು ಕನ್ನಡದಲ್ಲಿ ಹೇಳಬಹುದು.

ಚಿತ್ರಪುಸ್ತಕಗಳು: ಪಾಠ ಹೇಳುವವು, ಸುಮ್ಮನೆ ಕಥೆ ಹೇಳುವವು

ನಾಲ್ಕರಿಂದ ಹತ್ತು ವಯಸ್ಸಿನವರಿಗೆ ಆಯ್ಕೆ ಹೆಚ್ಚು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್, ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪ್ರಕಟಿಸುವ ಚೆನ್ನೈನ ತೂಲಿಕಾ, ಇವು ಮೂರೂ ಈ ವಯಸ್ಸಿನವರಿಗೆ ಒದಗುತ್ತವೆ. ಬೆಲೆಯಲ್ಲಿ ಮೊದಲ ಎರಡು ಹಗುರ. ಚಿತ್ರದ ವೈವಿಧ್ಯದಲ್ಲಿ ಮತ್ತು ಧೈರ್ಯದ ವಸ್ತುಗಳಲ್ಲಿ ತೂಲಿಕಾ ಒಂದು ಕೈ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಪ್ರಕಾಶಕರ ಹೆಸರು ನೋಡಿ ಕೊಳ್ಳುವುದಕ್ಕಿಂತ ಪುಸ್ತಕದ ಜಾತಿ ನೋಡಿ ಕೊಳ್ಳುವುದು ಮೇಲು. ಇಲ್ಲಿ ಜಾತಿ ಎಂದರೆ ಎರಡೇ: ಭಿನ್ನತೆಯನ್ನೇ ವಿಷಯವಾಗಿಸಿಕೊಂಡವು ಮತ್ತು ಭಿನ್ನತೆಯಿರುವ ಮಗುವಿಗೆ ಬೇರೆಯದೇ ಕೆಲಸ ಕೊಟ್ಟವು.

ತೂಲಿಕಾ ಪ್ರಕಟಿಸಿದ, ಕಣ್ಣು ಕಾಣದ ಹುಡುಗನೊಬ್ಬನ ಕಥೆಯಾದ ‘ಕಣ್ಣ ಪಣ್ಣ’ವನ್ನು ನೋಡಿ. ಝಾಯ್ ವಿಟೇಕರ್ ಬರೆದ ಈ ಕಥೆಯಲ್ಲಿ ಗುಹಾಲಯದೊಳಗೆ ದೀಪಗಳು ಆರಿದಾಗ ಎಲ್ಲರೂ ದಿಕ್ಕೆಡುತ್ತಾರೆ, ಕತ್ತಲೆಯೇ ಅಭ್ಯಾಸವಾಗಿರುವ ಹುಡುಗ ಉಳಿದವರನ್ನು ಹೊರಗೆ ಕರೆತರುತ್ತಾನೆ. ಮಕ್ಕಳಿಗೆ ಇದು ತುಂಬ ಹಿಡಿಸುವ ಕಥೆ, ತೀರ್ಮಾನವೂ ಹುಡುಗನದೇ. ಆದರೂ ಅವನ ಕುರುಡು ಉಳಿದವರ ಉಪಯೋಗಕ್ಕೆ ಬಂದದ್ದರಿಂದಲೇ ಅವನಿಗೆ ಬೆಲೆ ಬಂತೇ ಎಂದು ಓದಿಸುವವರು ಒಮ್ಮೆ ಯೋಚಿಸಬೇಕು. ಅದೇ ಪ್ರಕಾಶನದ, ತಾರಿಣಿ ವಿಶ್ವನಾಥ್ ಬರೆದ ‘ಕ್ಯಾಚ್ ದಟ್ ಕ್ಯಾಟ್!’ನಲ್ಲಿ ಡಿಪ್ ಡಿಪ್ ಎಂಬ ಹುಡುಗಿ ಗಾಲಿಕುರ್ಚಿಯಲ್ಲಿ ಓಡಾಡುವವಳು. ಕಥೆ ಮಾತ್ರ ಗಾಲಿಕುರ್ಚಿಯದಲ್ಲ, ಕಳೆದುಹೋದ ಗೆಳತಿಯ ಬೆಕ್ಕಿನದು. ಅವಳು ತುಂಟಿ, ಬೆಕ್ಕಿಗಾಗಿ ಮರ ಹತ್ತಲೂ ಹಿಂಜರಿಯದವಳು. ಇವೆರಡರಲ್ಲಿ ಒಂದನ್ನೇ ಕೊಳ್ಳಬೇಕೆಂದರೆ ನಾನು ಎರಡನೆಯದನ್ನು ಆರಿಸುತ್ತೇನೆ. ತರಗತಿಯಲ್ಲಿ ಅಂಥ ಮಗುವೇ ಇದ್ದಾಗಲಂತೂ ಈ ಆಯ್ಕೆಯೇ ಸರಿ, ಏಕೆಂದರೆ ತನ್ನ ಕುರ್ಚಿಯ ಬಗ್ಗೆ ಇಡೀ ತರಗತಿ ಚರ್ಚಿಸುವುದನ್ನು ಕೇಳಿಸಿಕೊಳ್ಳುತ್ತ ಕೂರುವುದು ಯಾವ ಮಗುವಿಗೂ ಹಿತವಲ್ಲ.

ಮಹಾಶ್ವೇತಾ ದೇವಿ ಬರೆದ ‘ದ ವೈ-ವೈ ಗರ್ಲ್’ ಈ ಎರಡು ಜಾತಿಗಳ ನಡುವೆ ನಿಲ್ಲುವ ಅಪರೂಪದ ಪುಸ್ತಕ. ಶಬರ ಬುಡಕಟ್ಟಿನ ಮೊಯ್ನಾ ಒಡೆಯರ ಮೇಕೆ ಕಾಯುತ್ತಾಳೆ, ನೀರಿಗೆ ದೂರ ನಡೆಯುತ್ತಾಳೆ, ಎಲೆಯ ಗುಡಿಸಲಲ್ಲಿ ಇರುತ್ತಾಳೆ, ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುತ್ತಾಳೆ. ಒಡೆಯರ ಮನೆಯ ಉಳಿದ ಅನ್ನವನ್ನು ತಾನು ತಿನ್ನುವುದಿಲ್ಲವೆಂದು ನಿರಾಕರಿಸುವ ಹುಡುಗಿ ಅವಳು. ಬಡತನವನ್ನು ತೋರಿಸುವ ಬಹುತೇಕ ಪುಸ್ತಕಗಳಲ್ಲಿ ಬಡ ಮಗು ಕೊನೆಯ ಪುಟದಲ್ಲಿ ಯಾರಿಗಾದರೂ ಕೈಮುಗಿದು ನಿಂತಿರುತ್ತದೆ. ಮೊಯ್ನಾ ಯಾರಿಗೂ ಕೈಮುಗಿಯುವುದಿಲ್ಲ. ಶಾಲೆಯ ವೇಳೆ ತಾನು ಮೇಕೆ ಕಾಯುವ ಹೊತ್ತಿಗೆ ಹೊಂದದಿದ್ದರೆ ಅದನ್ನೂ ಯಾಕೆ ಬದಲಿಸಬಾರದು ಎನ್ನುತ್ತಾಳೆ. ಹಾಡಿಗಳಿಗೆ ಹತ್ತಿರದ ಶಾಲೆಗಳಲ್ಲಿ, ಜೇನುಕುರುಬ ಅಥವಾ ಸೋಲಿಗ ಮಕ್ಕಳಿರುವ ಕಡೆ, ನನ್ನ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ.

ಇನ್ನು ಒಂಬತ್ತರಿಂದ ಹದಿಮೂರರ ಓದುಗರಿಗೆ ಒಂದೇ ಒಂದು ಪುಸ್ತಕ ಹೇಳಿ ಎಂದರೆ, ಜಪಾನಿನ ತೆತ್ಸುಕೋ ಕುರೊಯಾನಗಿ ಬರೆದ, ವಿ. ಗಾಯತ್ರಿ ಕನ್ನಡಕ್ಕೆ ತಂದ, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದ ‘ತೊತ್ತೋಚಾನ್’. ಪೋಲಿಯೋದಿಂದ ಕೈಕಾಲು ಸೊರಗಿದ ಯಸುವಾಕಿಯನ್ನು ತೊತ್ತೋಚಾನ್ ತನ್ನ ಮರಕ್ಕೆ ಅತಿಥಿಯಾಗಿ ಕರೆಯುವ ಅಧ್ಯಾಯವನ್ನು ಗಟ್ಟಿಯಾಗಿ ಓದಿ ನೋಡಿ. ಮೊದಲು ತರುವ ಏಣಿ ಅಲುಗಾಡುತ್ತದೆ, ಅವನಿಂದ ಒಂದು ಮೆಟ್ಟಿಲೂ ಹತ್ತಲಾಗುವುದಿಲ್ಲ; ಅವಳು ಮತ್ತೆ ಓಡಿ ನಿಲ್ಲುವ ಏಣಿಯನ್ನು ಎಳೆದು ತರುತ್ತಾಳೆ; ಇಬ್ಬರೂ ಬೆವರಿನಲ್ಲಿ ತೊಯ್ದು ಹೋಗುತ್ತಾರೆ; ಮೇಲೆ ತಲುಪಿದ ಮೇಲೆ ಕೃತಜ್ಞತೆಯ ಭಾಷಣವಿಲ್ಲ, ಅವನು ಟೆಲಿವಿಷನ್ ಎಂಬ ಹೊಸ ಯಂತ್ರದ ಸುದ್ದಿ ಹೇಳುತ್ತಾನೆ, ಅವಳು ಅಷ್ಟು ಸಣ್ಣ ಪೆಟ್ಟಿಗೆಯೊಳಗೆ ಸುಮೋ ಪೈಲ್ವಾನರು ಹೇಗೆ ಹಿಡಿಸುತ್ತಾರೆಂದು ಬೆರಗಾಗುತ್ತಾಳೆ. ಅದೇ ಪುಸ್ತಕದಲ್ಲಿ ಬೆಳವಣಿಗೆ ನಿಂತ ತಕಾಹಾಶಿ ಆಟೋಟದ ದಿನ ಎಲ್ಲ ಬಹುಮಾನ ಗೆಲ್ಲುವಂತೆ ಮುಖ್ಯೋಪಾಧ್ಯಾಯ ಕೊಬಾಯಾಶಿ ಆಟಗಳನ್ನು ಹೆಣೆದಿರುತ್ತಾರೆ, ಕೊರಿಯಾದ ಮಸಾವೋ ತಾನು ಕೇಳಿಸಿಕೊಂಡ ಬೈಗುಳವನ್ನೇ ತೊತ್ತೋಚಾನಳ ಮೇಲೆ ಎಸೆಯುತ್ತಾನೆ. ಜನಾಂಗ, ದೇಹ, ಶಾಲೆಯ ಹೊಣೆ ಮೂರೂ ಒಂದೇ ಕಡೆ, ಯಾವ ಉಪದೇಶವೂ ಇಲ್ಲದೆ, ಸಿಗುತ್ತವೆ. ದೂರದ ದೇಶದ ಕಥೆಯಾದ್ದರಿಂದ ನಮ್ಮ ಮಕ್ಕಳು ಇಲ್ಲಿನ ಜಾತಿಯ ಮುಜುಗರವಿಲ್ಲದೆ ಬೈಗುಳದ ಬಗ್ಗೆ ಮಾತಾಡಲು ಸಾಧ್ಯವಾಗುತ್ತದೆ ಎಂಬುದೊಂದು ಹೆಚ್ಚುವರಿ ಅನುಕೂಲ. ಅದೇ ಅದರ ಮಿತಿಯೂ ಹೌದು: ಮಾತು ಜಪಾನಿನಲ್ಲೇ ನಿಂತುಬಿಡಬಹುದು.

ಅನುವಾದದ ಕನ್ನಡ ಯಾರ ಕನ್ನಡ

ಹಲವು ಚಿತ್ರಪುಸ್ತಕಗಳು ಅನುವಾದಗಳಾದ್ದರಿಂದ ಭಾಷೆಯನ್ನೂ ಹೋಲಿಸಿ ನೋಡಲೇಬೇಕು. ಎಲ್ಲ ಪಾತ್ರಗಳೂ ಪಠ್ಯಪುಸ್ತಕದ ಕನ್ನಡ ಆಡುವ ಕಥೆ ಕಲಬುರಗಿಯ ಮಗುವಿಗೂ ಕುಂದಾಪುರದ ಮಗುವಿಗೂ ಸಮಾನವಾಗಿ ಪರಕೀಯವೇ. ಅದನ್ನು ಹೇಗೋ ಸಹಿಸಬಹುದು. ಸಹಿಸಲಾಗದ್ದು, ಮುಖ್ಯ ಪಾತ್ರಗಳೆಲ್ಲ ಶಿಷ್ಟ ಕನ್ನಡ ಆಡಿ, ಕೆಲಸದಾಕೆಯೋ ನಗೆಪಾತ್ರವೋ ಮಾತ್ರ ಊರುಮಾತು ಆಡುವ ಪುಸ್ತಕ. ಅವ್ವ ಎನ್ನುವ ಮನೆ, ಅಮ್ಮಿ ಎನ್ನುವ ಮನೆ, ಯಾಡಿ ಎನ್ನುವ ತಾಂಡಾದ ಮನೆ ಎಲ್ಲವನ್ನೂ ಅನುವಾದಕರು ‘ಅಮ್ಮ’ ಎಂದು ಸಮ ಮಾಡಿಬಿಟ್ಟಿದ್ದರೆ ಚಿತ್ರಕಾರರು ಪಟ್ಟ ಶ್ರಮ ಅರ್ಧ ವ್ಯರ್ಥ.

ಊಟದ ಪುಟವನ್ನೂ ನೋಡಿ. ರಾಜ್ಯದ ಬಿಸಿಯೂಟದ ತಟ್ಟೆಗೆ ಮೊಟ್ಟೆ 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಬರತೊಡಗಿತು. ಪುಸ್ತಕಗಳಲ್ಲಿ ಮಾತ್ರ ಹಬ್ಬವೆಂದರೆ ಇನ್ನೂ ಹೋಳಿಗೆ, ಪಾಯಸ, ಕೋಸಂಬರಿ. ಕೋಳಿಸಾರು, ಒಣಮೀನು ಯಾವ ಟೀಕೆಟಿಪ್ಪಣಿಯೂ ಇಲ್ಲದೆ ಬಡಿಸಿದ ಒಂದು ಪುಟ ಕಂಡರೆ ಆ ಪುಸ್ತಕಕ್ಕೆ ನಾನು ಕೂಡಲೇ ಎರಡು ಅಂಕ ಹೆಚ್ಚು ಕೊಡುತ್ತೇನೆ.

ಉಚಿತ ಪ್ರತಿಯೋ, ಮುದ್ರಿತ ಪ್ರತಿಯೋ

ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಬಹಳಷ್ಟು ಕಥೆಗಳು ಮುಕ್ತ ಪರವಾನಗಿಯಲ್ಲಿ, ಓದಿನ ನಾಲ್ಕು ಹಂತಗಳಾಗಿ, ಉಚಿತವಾಗಿ ಸಿಗುತ್ತವೆ. ಹಣದ ದೃಷ್ಟಿಯಿಂದ ಇದಕ್ಕೆ ಎದುರಿಲ್ಲ. ಪುಸ್ತಕವನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತಿರುಗಿಸಬಹುದು ಎಂಬುದು ನಮ್ಮ ವಿಷಯಕ್ಕೆ ಇನ್ನೂ ಮುಖ್ಯ: ಲಂಬಾಣಿ, ತುಳು, ಕೊಡವ ತಕ್ಕ್, ಬ್ಯಾರಿ ಮಾತಾಡುವ ಮಕ್ಕಳಿಗೆ ಅದೇ ಚಿತ್ರದ ಕೆಳಗೆ ಮನೆಮಾತನ್ನು ಕನ್ನಡ ಲಿಪಿಯಲ್ಲೇ ಬರೆದು ಅಂಟಿಸಿದರೂ ಪರವಾನಗಿ ಅಡ್ಡಬರುವುದಿಲ್ಲ. ಮನೆಮಾತಿನ ಪುಸ್ತಕ ಅಂಗಡಿಯಲ್ಲಿ ಸಿಗುವುದು ವಿರಳವಾದ್ದರಿಂದ ಈ ಒಂದು ಕಾರಣಕ್ಕೇ ಶಾಲೆಯವರು ಆ ತಾಣವನ್ನು ಕಲಿಯಬೇಕು.

ಎರಡು ಎಚ್ಚರಿಕೆ ಮಾತ್ರ. ಯಾರು ಬೇಕಾದರೂ ಅನುವಾದಿಸಬಹುದಾದ್ದರಿಂದ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಪ್ರಕಾಶಕರೇ ಹಾಕಿದ ಆವೃತ್ತಿ ಇದ್ದರೆ ಅದನ್ನೇ ಇಳಿಸಿಕೊಳ್ಳಿ. ಇನ್ನೊಂದು, ದಯವಿಟ್ಟು ಕಪ್ಪುಬಿಳುಪು ಜೆರಾಕ್ಸ್ ಮಾಡಿಸಬೇಡಿ. ಚಿತ್ರಕಾರರು ಮೂರು ನಾಲ್ಕು ಛಾಯೆಯ ಕಂದು ಬಣ್ಣದಲ್ಲಿ ಎಚ್ಚರದಿಂದ ಬರೆದ ಮುಖಗಳು ಜೆರಾಕ್ಸ್ ಯಂತ್ರದಲ್ಲಿ ಕಣ್ಣುಮೂಗಿಲ್ಲದ ಕರಿ ಮಸಿಯಾಗುತ್ತವೆ, ಬಿಳಿಚರ್ಮದ ಪಾತ್ರಗಳ ಮುಖ ಮಾತ್ರ ಸ್ಪಷ್ಟವಾಗಿ ಉಳಿಯುತ್ತದೆ. ಬಣ್ಣದ ಮುದ್ರಣಕ್ಕೆ ಹಣವಿಲ್ಲದಿದ್ದರೆ ಶಾಲೆಯ ಟಿವಿ ಅಥವಾ ಪ್ರೊಜೆಕ್ಟರ್ ಮೇಲೆ ತೋರಿಸುವುದು ಮೇಲು.

ಹದಿಹರೆಯದವರಿಗೆ

ಎಂಟನೇ ತರಗತಿ ದಾಟಿದ ಮೇಲೆ ಮಕ್ಕಳಿಗಾಗಿಯೇ ಬರೆದ ಕನ್ನಡ ಪುಸ್ತಕ ವಿರಳವಾಗುತ್ತದೆ, ಆದರೆ ಈ ಕೊರತೆಯನ್ನು ದಲಿತ ಆತ್ಮಕಥನಗಳು ತುಂಬುತ್ತವೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಮತ್ತು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇವೆರಡರಲ್ಲಿ ಯಾವುದನ್ನು ಮೊದಲು ಕೊಡಬೇಕು ಎಂದು ಶಿಕ್ಷಕರು ಕೇಳುವುದುಂಟು. ಹದಿಮೂರು ಹದಿನಾಲ್ಕರವರಿಗೆ ‘ಊರುಕೇರಿ’. ಎತ್ತುಗಳಂತೆ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿರುವುದನ್ನು ಬಾಲಕ ಕಾಣುತ್ತಾನೆ, ಅವರಲ್ಲೊಬ್ಬರು ಅವನ ಅಪ್ಪ; ಇಂಥ ದೃಶ್ಯ ಹೇಳಿದ ಲೇಖಕರೇ ಪುಟ ತಿರುಗಿಸುವಷ್ಟರಲ್ಲಿ ಓದುಗರನ್ನು ಬಿದ್ದು ಬಿದ್ದು ನಗಿಸುತ್ತಾರೆ. ದಲಿತ ಬದುಕೆಂದರೆ ನೋವು ಮಾತ್ರ ಎಂದು ಭಾವಿಸಿರುವ ಓದುಗನಿಗೆ ಆ ನಗೆ ದೊಡ್ಡ ಪಾಠ. ಮಾಲಗತ್ತಿಯವರ ಬರವಣಿಗೆ ಹೆಚ್ಚು ನೇರ, ಹೆಚ್ಚು ಗಾಯಗೊಳಿಸುವಂಥದ್ದು. ಹದಿನಾರರ ಆಸುಪಾಸಿನವರಿಗೆ ಕೊಟ್ಟು, ಜೊತೆಗೆ ಮಾತಾಡಲು ಒಬ್ಬ ಹಿರಿಯರು ಇರುವಂತೆ ನೋಡಿಕೊಳ್ಳಬೇಕು.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಪಿಯುಸಿ ವಯಸ್ಸಿನವರಿಗೆ ಒಪ್ಪುವ ಕಾದಂಬರಿ. ಆದರೆ ಕಪಾಟಿನಲ್ಲಿ ಮುಸ್ಲಿಂ ಮನೆಯೊಂದರ ಕಥೆ ಅದೊಂದೇ ಆಗಿದ್ದರೆ, ಮುಸ್ಲಿಂ ಹೆಣ್ಣೆಂದರೆ ತಲಾಖ್‌ನಲ್ಲಿ ನೊಂದವಳು ಎಂಬಷ್ಟೇ ಪರಿಚಯ ಉಳಿದ ಮಕ್ಕಳಿಗೆ ಸಿಗುತ್ತದೆ. ಅದಕ್ಕೆ ಜೊತೆ ಬೇಕು. ಬೊಳುವಾರು ಮಹಮದ್ ಕುಂಞಿ ಅವರು ಗಾಂಧೀಜಿಯ ಬಗ್ಗೆ ಮಕ್ಕಳಿಗಾಗಿ ಬರೆದ ‘ಪಾಪು ಗಾಂಧಿ ಬಾಪು ಗಾಂಧಿ ಆದ ಕಥೆ’, ಕೇಂದ್ರ ಸಾಹಿತ್ಯ ಅಕಾದೆಮಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದ 2010ರಲ್ಲೇ ಕನ್ನಡದ ಪುರಸ್ಕಾರ ಪಡೆಯಿತು. ಅಂಚಿನ ಸಮುದಾಯದ ಲೇಖಕರು ತಮ್ಮ ಸಮುದಾಯದ ಸಂಕಟವನ್ನಷ್ಟೇ ಬರೆಯಬೇಕೆಂಬ ನಿರೀಕ್ಷೆಯೂ ಒಂದು ಬಗೆಯ ಬೇಲಿಯೇ ಆದ್ದರಿಂದ, ಆಯ್ಕೆ ಮಾಡುವಾಗ ಬರೆದವರ ಹೆಸರುಗಳನ್ನೂ ಒಮ್ಮೆ ಸಾಲಾಗಿ ಓದಿಕೊಳ್ಳುವುದು ಒಳ್ಳೆಯದು. ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರ ಜೀವನಕಥನ ‘ನಡುವೆ ಸುಳಿವ ಹೆಣ್ಣು’ ಕನ್ನಡದಲ್ಲೇ ಇದೆ. ಪಿಯುಸಿ ಗ್ರಂಥಾಲಯಕ್ಕೆ ಅದನ್ನು ತರಲು ಹಿಂಜರಿಯಬೇಕಿಲ್ಲ.

ಐದು ಸಾವಿರದ ಹಂಚಿಕೆ

ಕಿರಿಯರ ಶಾಲೆಗೆ ನನ್ನ ಸಲಹೆ ಹೀಗಿದೆ. ಅರ್ಧಕ್ಕಿಂತ ಹೆಚ್ಚು ಹಣವನ್ನು, ಭಿನ್ನತೆ ಇದ್ದೂ ಅದನ್ನು ಡಂಗುರ ಸಾರದ ಚಿತ್ರಪುಸ್ತಕಗಳಿಗೆ ಇಡಿ. ಜೀವನಚರಿತ್ರೆಗೆ ಎರಡು ಮೂರು ಪುಸ್ತಕ ಸಾಕು. ಪುರಾಣಕ್ಕೆ ಈ ವರ್ಷ ಬಿಡುವು ಕೊಡಿ. ಒಂದಿಷ್ಟು ಹಣವನ್ನು ಸ್ಟೋರಿವೀವರ್‌ನ ಕೆಲವು ಕಥೆಗಳ ಬಣ್ಣದ ಮುದ್ರಣಕ್ಕೆ, ಅದರಲ್ಲೂ ಮನೆಮಾತಿನ ಆವೃತ್ತಿಗಳಿಗೆ, ಮೀಸಲಿಡಿ. ಊರಿನ ಎಲ್ಲ ಮಕ್ಕಳೂ ಒಂದೇ ಸಮುದಾಯದವರಾದ ಶಾಲೆಯಲ್ಲಿ ಈ ಲೆಕ್ಕ ಬದಲಾಗಬೇಕು: ಅಲ್ಲಿ ಬೇರೆಯವರ ಬದುಕಿನ ಕಥೆಗಳು ಹೆಚ್ಚಿರಲಿ, ತಾಂಡಾದ ಅಥವಾ ಹಾಡಿಯ ಶಾಲೆಯಾದರೆ ಮಾತ್ರ ಮೊದಲು ತಮ್ಮವರ ಕಥೆಗಳೇ ಬರಲಿ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ನಿಂತು ಚಿತ್ರಗಳನ್ನು ಮಾತ್ರ ಒಂದು ಸಲ ತಿರುವಿಹಾಕಿ, ಆಮೇಲೆ ಕೊನೆಯ ಪುಟ ಓದಿ. ಯಾರು ಯಾರಿಗೆ ಧನ್ಯವಾದ ಹೇಳುತ್ತಿದ್ದಾರೆ ಎಂಬುದರಿಂದ ಪುಸ್ತಕದ ಗುಣ ಬಹುಮಟ್ಟಿಗೆ ತಿಳಿದುಬಿಡುತ್ತದೆ. ತಂದ ಮೇಲೆ ಇವುಗಳಿಗೆ ಬೇರೆ ಅರೆ ಮಾಡಬೇಡಿ, ಆನೆಯ ಕಥೆಯ ಪಕ್ಕದಲ್ಲೇ ಡಿಪ್ ಡಿಪ್ ಇರಲಿ. ಓದಿ ಮುಗಿದೊಡನೆ ಆಯಾ ಸಮುದಾಯದ ಮಗುವನ್ನು ಎಬ್ಬಿಸಿ "ನಿಮ್ಮ ಮನೆಯಲ್ಲೂ ಹೀಗೇನಾ" ಎಂದು ಕೇಳಬೇಡಿ; ಹೇಳಬೇಕೆನಿಸಿದರೆ ಮಗು ತಾನಾಗಿಯೇ ಹೇಳುತ್ತದೆ. ಮಕ್ಕಳು ಹೆಚ್ಚು ಓದಿ ಹರಿದುಹಾಕಿದ ಪುಸ್ತಕ ಯಾವುದೆಂದು ವರ್ಷದ ಕೊನೆಯಲ್ಲಿ ಗುರುತು ಹಾಕಿಕೊಂಡು, ಮುಂದಿನ ಅನುದಾನದಲ್ಲಿ ಅದರ ಎರಡು ಪ್ರತಿ ತರಿಸಿ.